ಓದೋಕೆ ಮುಂಚೆ ಕೇಳೋ ಪ್ರಶ್ನೆ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತಾದಾಗ ಓದಿ. ಓದದೆ ಲೈಕ್ ಒತ್ತುವವರು ದಯವಿಟ್ಟು ಒತ್ತಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ನಿಮಗೆಲ್ಲ ಗೊತ್ತಿರೋ ಹಾಗೆ ನಾನು ಕಚೇರಿಯಲ್ಲಿ ಗುಮಾಸ್ತ. ಫೈಲು ಕಟ್ಟೋದು, ಟಿಪ್ಪಣಿ ಬರೆಯೋದು, ಮೇಲಿನವರ ಮುಂದೆ ಮಂಡಿಸೋದು ದಿನದ ಕೆಲಸ. ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಏನಂದ್ರೆ, ಫೈಲು ಮೇಜಿನ ಮೇಲೆ ಬಿದ್ದ ತಕ್ಷಣ ‘ಇದರಲ್ಲಿ ಏನಿದೆ’ ಅಂತ ಕೇಳುವವರು ಕಮ್ಮಿ. ‘ಇದು ಯಾರದ್ದು’ ಅಂತ ಕೇಳುವವರೇ ಜಾಸ್ತಿ. ಯಾರದ್ದು ಅಂತ ಗೊತ್ತಾದ ಮೇಲೆ ಒಳಗಿನ ಟಿಪ್ಪಣಿ ಓದ್ತಾರೆ. ಕೆಲವು ಸಲ ಅದನ್ನೂ ಓದಲ್ಲ, ನೇರ ಷರಾ ಬರೆದು ಸಹಿ ಹಾಕ್ತಾರೆ. ಮೊಬೈಲಿನಲ್ಲಿ ನಮ್ಮ ಬರಹಗಳಿಗೆ ಆಗ್ತಿರೋದೂ ಅದೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಬಹಳ ಪ್ರೀತಿಯಿಂದ ಮಾತಾಡಿಸಿದ್ದರು. ಯಾವ ಊರು, ತಂದೆ ಹೆಸರೇನು, ಊರಲ್ಲಿ ಮನೆ ಎಲ್ಲಿ ಬರುತ್ತೆ, ಬಸ್‌ಸ್ಟ್ಯಾಂಡಿಂದ ಆ ಕಡೇನಾ ಈ ಕಡೇನಾ. ಮೂರನೇ ಪ್ರಶ್ನೆಗೆ ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು. ಫೇಸ್‌ಬುಕ್ಕಿನಲ್ಲಿ ಅಷ್ಟು ಕಷ್ಟವೂ ಇಲ್ಲ. ಬಾಬಾಸಾಹೇಬರ ಫೋಟೋ ಕಂಡರೆ ಸಾಕು, ಮನೆ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತೆ.

ಒಂದು ಉದಾಹರಣೆ ಹೇಳ್ತೀನಿ. ಎರಡು ವರ್ಷದ ಹಿಂದೆ ನಮ್ಮೂರ ಸ್ಮಶಾನದ ದಾರಿ ಬಗ್ಗೆ ಬರೆದಿದ್ದೆ. ನಮ್ಮ ಕೇರಿಗೆ ಸ್ಮಶಾನ ಮಂಜೂರಾಗಿದೆ, ಪಹಣಿಯಲ್ಲೂ ಇದೆ. ಆದರೆ ಅಲ್ಲಿಗೆ ಹೋಗೋಕೆ ದಾರಿ ಇರಲಿಲ್ಲ. ನಡುವಿನ ಜಮೀನಿನವರು ಬೇಲಿ ಹಾಕಿದ್ದರು. ಮಳೆಗಾಲದಲ್ಲಿ ಯಾರಾದರೂ ತೀರಿಕೊಂಡರೆ ಹಳ್ಳಕ್ಕಿಳಿದು ಸೊಂಟಮಟ್ಟದ ನೀರಲ್ಲಿ ಚಟ್ಟ ಹೊತ್ತುಕೊಂಡು ಹೋಗಬೇಕಿತ್ತು. ನಮ್ಮವ್ವ ಅದರ ಬಗ್ಗೆ ಹೇಳಿದ್ದನ್ನ ಅವಳ ಬಾಯಲ್ಲಿ ಬಂದ ಹಾಗೇ ಬರೆದೆ: “ಬದುಕಿದ್ದಾಗ್ಲೂ ದಾರಿ ಬುಡ್ನಿಲ್ಲ, ಈಗ ಎಣುಕ್ಕೂ ಬುಡಾಕಿಲ್ಲ ಅಂತಾರಲ್ಲ ಮಗಾ.”

ಬಂದ ಮೊದಲ ಉತ್ತರ: “ಎಣ ಅಲ್ಲ, ಹೆಣ. ಮೊದಲು ಕನ್ನಡ ಕಲಿಯಿರಿ.” ಎರಡನೆಯದು: “ದಾಖಲೆ ಎಲ್ಲಿ?” ಮೂರನೆಯವರು ಸಜ್ಜನರು. “ವಿಷಯ ಸರಿ ಇದೆ, ಆದರೆ ಬರಹದಲ್ಲಿ ಆಕ್ರೋಶ ಜಾಸ್ತಿ ಆಯ್ತು” ಅಂದರು. ದಾಖಲೆ ಕೇಳಿದವರಿಗೆ ಪಹಣಿ, ಸರ್ವೆ ನಕ್ಷೆ ಎರಡನ್ನೂ ಹಾಕಿದೆ. ಅವರು ತಿರುಗಿ ಬರಲೇ ಇಲ್ಲ. ದಾಖಲೆ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ, ಕೇಳಲೇಬೇಕು. ನಮ್ಮ ಹುಡುಗರಿಗೂ ಅದನ್ನೇ ಹೇಳೋದು, ಕಾಗದ ಇಲ್ಲದೆ ಬರೀಬೇಡಿ ಅಂತ. ಆದರೆ ಕಾಗದ ಕೊಟ್ಟ ಮೇಲೆ ಅದನ್ನ ಓದಬೇಕಲ್ಲ?

ಮೂರು ವಾರ ಆದಮೇಲೆ ನನ್ನ ಗೆಳೆಯರೊಬ್ಬರು, ಕಾಲೇಜಿನಲ್ಲಿ ಪಾಠ ಮಾಡುವವರು, ದಲಿತರಲ್ಲ, ನಮ್ಮೂರಿಗೆ ಬಂದು ಹಳ್ಳ ನೋಡಿ ಅದರ ಬಗ್ಗೆ ಬರೆದರು. ಅದೇ ಹಳ್ಳ, ಅದೇ ಬೇಲಿ, ನಮ್ಮವ್ವನ ಅದೇ ಮಾತು, ಅದೇ ‘ಎಣ’. ಅವರಿಗೆ ಯಾರೂ ಕನ್ನಡ ಕಲೀರಿ ಅನ್ನಲಿಲ್ಲ. “ಮಣ್ಣಿನ ವಾಸನೆಯ ಭಾಷೆ” ಅಂದರು, “ಕಣ್ಣು ಒದ್ದೆಯಾಯಿತು ಸರ್” ಅಂದರು. ದಾಖಲೆಯನ್ನೂ ಕೇಳಲಿಲ್ಲ. ಪುಣ್ಯಾತ್ಮ ರಾತ್ರಿ ಫೋನ್ ಮಾಡಿ, “ಏನಪ್ಪಾ ಇದು, ನೀನು ಬರೆದದ್ದನ್ನೇ ನಾನೂ ಬರೆದಿರೋದು, ನನಗ್ಯಾಕೆ ಹಾರ ಹಾಕ್ತಾವ್ರೆ” ಅಂತ ಬೇಜಾರು ಮಾಡಿಕೊಂಡರು. ಅವರ ಬರಹ ಬಂದ ಮೇಲೆ ತಹಶೀಲ್ದಾರರು ಸ್ಥಳಕ್ಕೆ ಬಂದರು. ಈಗ ಮಣ್ಣು ಹಾಕಿ ಅರ್ಧ ದಾರಿ ಆಗಿದೆ, ಮೋರಿ ಇನ್ನೂ ಆಗಿಲ್ಲ. ದಾರಿ ಯಾರ ಬರಹದಿಂದ ಆದರೂ ನಮಗೆ ಒಂದೇ. ನನ್ನ ತಕರಾರು ಓದಿದವರ ಮೇಲೆ.

ಇದೆಲ್ಲ ಮೊಬೈಲು ತಂದ ಕಾಯಿಲೆ ಅಂತಾರೆ. ನಾನು ಒಪ್ಪಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಭಾಷಣ ಮಾಡಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಆ ಒಂದು ಪದ ಮಾತ್ರ ರಾಜ್ಯವೆಲ್ಲ ಓಡಾಡಿತು. ಭಾಷಣದಲ್ಲಿ ಉಳಿದದ್ದೇನಿತ್ತು, ಯಾಕೆ ಹಾಗಂದರು, ಆ ಸಾಹಿತ್ಯದಲ್ಲಿ ನಮ್ಮ ಕೇರಿ ಎಲ್ಲಿದೆ ಅನ್ನೋ ಪ್ರಶ್ನೆ ಇತ್ತಲ್ಲ ಅದರ ಕಥೆ ಏನು, ಇದನ್ನ ಕೇಳಿದವರು ಎಷ್ಟು ಜನ? ಬೀದಿಗಳಲ್ಲಿ ಗಲಾಟೆ ಆಯ್ತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಸ್ಥಾನ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವುದನ್ನ ನಿಷೇಧಿಸಿದ ಮಂತ್ರಿ ಅವರು. ಅದು ಇವತ್ತು ಎಷ್ಟು ಜನರಿಗೆ ನೆನಪಿದೆ? ಬೂಸಾ ಮಾತ್ರ ಎಲ್ಲರಿಗೂ ನೆನಪಿದೆ. ನಮ್ಮ ಚಳವಳಿ ಆ ಏಟಿನಿಂದಲೇ ಎದ್ದು ನಿಂತಿತು ಅನ್ನೋದು ಬೇರೆ ಮಾತು.

ಇನ್ನೂ ಹಿಂದಕ್ಕೆ ಹೋಗಿ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು ಬಾಬಾಸಾಹೇಬರನ್ನ ತಮ್ಮ ಸಮ್ಮೇಳನದ ಅಧ್ಯಕ್ಷತೆಗೆ ಕರೆದರು. ಹೆಸರು ನೋಡಿ, ಜಾತಿ ಒಡೆಯುವ ಮಂಡಲ! ಭಾಷಣದ ಪ್ರತಿ ಮೊದಲೇ ಕೈಗೆ ಸಿಕ್ಕಿದಾಗ, ಶಾಸ್ತ್ರ ಧರ್ಮದ ಬಗ್ಗೆ ಬರೆದ ಭಾಗ ತೆಗೀರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸಲ್ಲ ಅಂತ ಬಾಬಾಸಾಹೇಬರು ಬರೆದರು. ಸಮ್ಮೇಳನವೇ ರದ್ದಾಯಿತು. ಅವರು ಕೈಯಿಂದ ದುಡ್ಡು ಹಾಕಿ 1,500 ಪ್ರತಿ ಅಚ್ಚು ಮಾಡಿಸಿದರು. ಎರಡು ತಿಂಗಳಲ್ಲಿ ಖಾಲಿ. ಅದೇ ‘ಜಾತಿ ವಿನಾಶ’.

ಆ ಪುಸ್ತಕಕ್ಕೆ ಗಾಂಧೀಜಿ ಅದೇ ವರ್ಷ ಜುಲೈನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಉತ್ತರ ಬರೆದರು. ನನಗೆ ಅವರ ಉತ್ತರ ಒಪ್ಪಿಗೆ ಇಲ್ಲ, ಎಂದೂ ಆಗಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಅವರು ಪುಸ್ತಕ ಓದಿದ್ದರು. ಭಾಷಣ ತಡೆದ ಸಮಿತಿಯನ್ನ ತಪ್ಪು ಅಂದರು. ಯಾವ ಸುಧಾರಕನೂ ಇದನ್ನ ಬದಿಗಿಡೋಕಾಗಲ್ಲ ಅಂದರು. ಎಂಟಾಣೆ ಬೆಲೆ ಜಾಸ್ತಿ ಆಯ್ತು, ಎರಡಾಣೆ ಇಲ್ಲಾ ನಾಲ್ಕಾಣೆ ಮಾಡಿ ಅಂತ ಸಲಹೆಯನ್ನೂ ಕೊಟ್ಟರು! ಆಮೇಲೆ ತಮ್ಮ ವಿರೋಧ ಬರೆದರು. ಬಾಬಾಸಾಹೇಬರು ಏನು ಮಾಡಿದರು? 1937ರ ಎರಡನೇ ಮುದ್ರಣದಲ್ಲಿ ಗಾಂಧಿಯವರ ಬರಹವನ್ನೂ ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರ ಅಚ್ಚು ಹಾಕಿದರು. ಎದುರಾಳಿಯ ಮಾತನ್ನ ತನ್ನದೇ ಖರ್ಚಿನಲ್ಲಿ ಓದುಗರ ಕೈಗಿಟ್ಟು, ಓದಿ ನೀವೇ ತೀರ್ಮಾನ ಮಾಡಿ ಅಂದ ಹಾಗೆ. ಇವತ್ತು ನಾವು ಒಂದು ಮಾತು ಒಪ್ಪಿಗೆ ಆಗದಿದ್ದರೆ ಬ್ಲಾಕ್ ಮಾಡ್ತೀವಿ.

‘ನಾವು’ ಅಂತ ಬೇಕಂತಲೇ ಬರೆದೆ. ಇಲ್ಲೀವರೆಗೆ ಬೇರೆಯವರ ಬಗ್ಗೆ ಹೇಳಿದೆ, ಎಲ್ಲರೂ ತಲೆ ಆಡಿಸಿರ್ತೀರಿ. ಈಗ ನಮ್ಮ ಮನೆ ಮಾತು.

2024ರ ಆಗಸ್ಟ್ 1ರಂದು ಒಳಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. 565 ಪುಟ. ಆರು ಪ್ರತ್ಯೇಕ ಅಭಿಪ್ರಾಯಗಳು. ಆರು ಜನ ಒಂದು ಕಡೆ, ಒಬ್ಬರು ಭಿನ್ನಮತ. ಬೆಳಗ್ಗೆ ತೀರ್ಪು ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಗುಂಪುಗಳಲ್ಲಿ ಎರಡು ತರಹದ ಪೋಸ್ಟು ತುಂಬಿಹೋದವು. ಒಂದು ಕಡೆ ಪಟಾಕಿ, ಇನ್ನೊಂದು ಕಡೆ ‘ದಲಿತರನ್ನ ಒಡೆಯುವ ಸಂಚು’. 565 ಪುಟವನ್ನ ಊಟದೊಳಗೆ ಓದಿ ಮುಗಿಸುವ ವಕೀಲನೂ ಈ ದೇಶದಲ್ಲಿ ಇಲ್ಲ.

ನಾನು ಹದಿನೈದು ದಿನ ತಗೊಂಡೆ. ಬಸ್ಸಲ್ಲಿ, ರಾತ್ರಿ ಊಟ ಆದಮೇಲೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ಪೂರ್ತಿ ಅರ್ಥ ಆಯ್ತು ಅಂತ ಹೇಳಲ್ಲ, ಆದರೆ ಕಚೇರಿಯಲ್ಲಿ ಇಂಗ್ಲಿಷ್ ಆದೇಶ ಓದಿ ರೂಢಿ ಇದೆ. ಆಮೇಲೆ ಕನ್ನಡದಲ್ಲಿ ಒಂದು ಸರಳ ಟಿಪ್ಪಣಿ ಬರೆದೆ. 2004ರ ಚಿನ್ನಯ್ಯ ಪ್ರಕರಣದ ತೀರ್ಪನ್ನ ಇದು ಯಾಕೆ ತಳ್ಳಿಹಾಕಿತು, ಒಳವಿಂಗಡಣೆಗೆ ರಾಜ್ಯಗಳು ಅಂಕಿಅಂಶ ಕೊಡಬೇಕು ಅನ್ನೋದು ಎಷ್ಟು ಮುಖ್ಯ, ಕೆನೆಪದರದ ಬಗ್ಗೆ ನಾಲ್ವರು ನ್ಯಾಯಮೂರ್ತಿಗಳು ಬರೆದದ್ದು ಯಾಕೆ ಗಮನಿಸಬೇಕಾದ್ದು. ಆ ಮೊಕದ್ದಮೆಯಲ್ಲಿ ಕೆನೆಪದರ ಪ್ರಶ್ನೆಯೇ ಆಗಿರಲಿಲ್ಲ. ಇದರಲ್ಲಿ ಎಡಗೈ ಬಲಗೈ ಇಬ್ಬರೂ ಹೆದರಬೇಕಾದ ವಿಷಯ ಒಂದಿದೆ ಅಂತ ನನ್ನ ಅನಿಸಿಕೆ. ಅದನ್ನೂ ಬರೆದೆ.

ಹಾಕಿದ ಒಂದೇ ನಿಮಿಷದಲ್ಲಿ 40 ಲೈಕು. ಬರಹ ಓದೋಕೆ ಕಮ್ಮಿ ಅಂದ್ರೂ ಏಳೆಂಟು ನಿಮಿಷ ಬೇಕು. ನನ್ನ ಹೆಸರು ನೋಡಿ ಬೈಯುವವನ ಬಗ್ಗೆ ಮೇಲೆ ಹೇಳಿದೆ. ಹೆಸರು ನೋಡಿ ಜೈಭೀಮ್ ಅಂದು ಮುಂದಕ್ಕೆ ಹೋಗುವವನೂ ಬರಹವನ್ನ ಮುಟ್ಟಿಲ್ಲ. ಬೈದವನ ಮಾತಿಗಾದರೂ ಉತ್ತರ ಕೊಡಬಹುದು, ಈ ಲೈಕಿಗೆ ಏನು ಮಾಡೋದು?

ಲೈಕುಗಳ ಹಿಂದೆಯೇ ಇನ್‌ಬಾಕ್ಸಿಗೆ ಪ್ರಶ್ನೆ ಬಂತು. “ಅಣ್ಣ, ತಪ್ಪು ತಿಳ್ಕೋಬೇಡಿ, ನೀವು ಎಡನಾ ಬಲನಾ?” ಒಬ್ಬ ಇಬ್ಬರಲ್ಲ, ಹನ್ನೊಂದು ಜನ. ಎಲ್ಲರೂ ನಮ್ಮ ಹುಡುಗರೇ. ಧರಣಿಯಲ್ಲಿ ಪಕ್ಕ ಕೂತವರು, ಅಂಬೇಡ್ಕರ್ ಜಯಂತಿಗೆ ಬ್ಯಾನರ್ ಕಟ್ಟಿದವರು. ಬಸ್‌ಸ್ಟ್ಯಾಂಡಿಂದ ಆ ಕಡೇನಾ ಈ ಕಡೇನಾ ಅಂತ ಕೇಳಿದ್ದ ಆ ಹಿರಿಯರ ದನಿಯೇ ಕೇಳಿಸಿದ ಹಾಗಾಯ್ತು.

ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನೊಬ್ಬ ಅವತ್ತಿನಿಂದ ಮಾತು ಬಿಟ್ಟಿದ್ದಾನೆ. ಬರಹ ಓದಿದ್ಯಾ ಅಂತ ಕೇಳಿದೆ. “ಓದೋದು ಏನಿದೆ, ನೀನು ಯಾವ ಕಡೆ ಅಂತ ಗೊತ್ತಾಯ್ತಲ್ಲ” ಅಂದ. ಯಾವ ಕಡೆ ಅಂತ ಅವನಿಗೆ ಗೊತ್ತಾಗಿದ್ದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕಂದ್ರೆ ಬೈದು ಬರೆದವರಲ್ಲಿ ಅರ್ಧ ಜನ ನನ್ನನ್ನ ಎಡ ಅಂದಿದ್ದರು, ಅರ್ಧ ಜನ ಬಲ ಅಂದಿದ್ದರು. ಉತ್ತರ ನಾನು ಕೊಟ್ಟಿಲ್ಲ, ಇಲ್ಲೂ ಕೊಡಲ್ಲ.

2025ರ ಆಗಸ್ಟಿನಲ್ಲಿ ಇದರದ್ದೇ ಮುಂದುವರಿಕೆ ಕಂಡೆ. 4ನೇ ತಾರೀಖು ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿ ಸಲ್ಲಿಕೆ ಆಯ್ತು. 19ಕ್ಕೆ ಸಂಪುಟ ಶೇ 17ನ್ನ 6, 6, 5 ಅಂತ ಹಂಚಿತು. ಎರಡು ಆರುಗಳ ಬಗ್ಗೆ ಓದೋಕೆ ಜನವೋ ಜನ. ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಆಯೋಗ ಹೇಳಿದ್ದ ಶೇ 1 ಆ ಐದರೊಳಗೆ ಕರಗಿಹೋಯಿತು, ಅವರು ಫ್ರೀಡಂ ಪಾರ್ಕಿನಲ್ಲಿ ಬಂದು ಕೂತರು. ಅದರ ಬಗ್ಗೆ ಬರೆದೆ. ಇಡೀ ದಿನಕ್ಕೆ ಓದಿ ಮಾತಾಡಿದವರು ಮೂರು ಜನ. ಎಡ ಬಲ ಎರಡೂ ಅಲ್ಲದ ಬರಹವನ್ನ ಯಾರು ತಮ್ಮದು ಅಂದುಕೊಳ್ತಾರೆ?

ಇಷ್ಟೆಲ್ಲ ಬೇಜಾರಿನ ನಡುವೆಯೂ ಬರೆಯೋದು ಬಿಡದೇ ಇರೋಕೆ ಕಾರಣ ಒಬ್ಬ ಅಕ್ಕ. ನಮ್ಮ ಊರಿನ ಪೌರಕಾರ್ಮಿಕರು, ಗುತ್ತಿಗೆಯಲ್ಲಿ ಕಸ ಗುಡಿಸ್ತಾರೆ. ಓದೋಕೆ ಬರಲ್ಲ. ತೀರ್ಪಿನ ಬಗ್ಗೆ ನಾನು ಬರೆದದ್ದನ್ನ ಮಗಳ ಕೈಲಿ ಜೋರಾಗಿ ಓದಿಸಿ ಕೇಳಿದ್ದಾರೆ. ಅರ್ಥವಾಗದ ಕಡೆ ನಿಲ್ಲಿಸಿ ಎರಡನೇ ಸಲ ಓದಿಸಿದ್ದಾರೆ. ಒಂದು ಬೆಳಗ್ಗೆ ಬಸ್ ನಿಲ್ದಾಣದ ಹತ್ತಿರ ನನ್ನನ್ನ ಕಂಡು, ಪೊರಕೆ ಗೋಡೆಗೆ ಒರಗಿಸಿಟ್ಟು ಕರೆದರು.

“ಎಲ್ಲಾ ಕೇಳಿಸ್ಕಂಡೆ ಕಣಣ್ಣ. ಅವ್ರಿಗಿಷ್ಟು ಇವ್ರಿಗಿಷ್ಟು ಅಂತ ಹಂಚ್ಕಳದೇನೋ ಸರಿ. ಪರ್ಮನೆಂಟ್ ಕೆಲ್ಸ ಎಲ್ಲವೆ ಹಂಚಾಕೆ? ನಮ್ದು ಗುತ್ತಿಗೆ. ನನ್ನಣ್ಣಂದೂ ಗುತ್ತಿಗೆ. ಅದನ್ಯಾಕೆ ಯಾರೂ ಬರ್ಯಾಕಿಲ್ಲ?”

ಅವರು ನನ್ನನ್ನ ಎಡವೋ ಬಲವೋ ಕೇಳಲಿಲ್ಲ. ಇನ್ನೇನು ಕಸದ ಗಾಡಿ ಬಂತು, ಹೊರಟುಬಿಟ್ಟರು. ಆ ವಾರವೇ ಅವರ ಮನೆಗೆ ಹೋಗಿ ಪಿಎಫ್ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು ನೋಡಿದೆ. ಈಗ ಅವರ ಜೊತೆ ಕೆಲಸ ಮಾಡುವ ಉಳಿದವರ ಕಾಗದಗಳನ್ನೂ ಸೇರಿಸ್ತಿದ್ದೀನಿ, ಗುತ್ತಿಗೆದಾರ ಎಷ್ಟು ಹಿಡಿದುಕೊಂಡಿದ್ದಾನೆ ಅಂತ ತಿಂಗಳುವಾರು ಲೆಕ್ಕ ಹಾಕಬೇಕು. ಮುಂದಿನ ಬರಹ ಅದೇ. ಬರೆದಾದ ಮೇಲೆ ಮೊದಲು ಅವರ ಮಗಳ ಕೈಗೆ ಕೊಡ್ತೀನಿ, ಅಕ್ಕ ಕೇಳಿಸಿಕೊಂಡ ಮೇಲೆ ಇಲ್ಲಿ ಹಾಕ್ತೀನಿ.