ಮೀನಿನ ರುಚಿಯಲ್ಲಿ ತವರಿನ ನೀರು

ಮೀನು ಎಂದೊಡನೆ ನಿಮಗೆ ಮೊದಲು ನೆನಪಾಗುವುದು ಯಾವ ಮೀನು? ಮಂಗಳೂರಿನವರಾದರೆ ಬಂಗುಡೆ, ಬೂತಾಯಿ ಎನ್ನುವಿರಿ. ಮಲೆನಾಡಿನಲ್ಲಿ ಹುಟ್ಟಿದ ನನಗೆ ನೆನಪಾಗುವುದು ಹಳ್ಳದ ಪುಟ್ಟ ಮೀನು.

ನಮ್ಮ ಮನೆಯ ಹಿಂದೆ ಗದ್ದೆ, ಗದ್ದೆಯಾಚೆ ಹಳ್ಳ. ಶಾಲೆಗೆ ರಜೆ ಸಿಕ್ಕರೆ ಅಣ್ಣನ ಜೊತೆ ಗಾಳ ಹಿಡಿದು ಹೊರಡುತ್ತಿದ್ದೆ. ಬಿದಿರಿನ ಕೋಲು, ದಾರ, ಅಂಗಡಿಯಿಂದ ತಂದ ಕೊಕ್ಕೆ, ಗೊಬ್ಬರದ ಗುಂಡಿಯ ಎರೆಹುಳು. ಇಷ್ಟೇ ನಮ್ಮ ಬಂಡವಾಳ. ಬೆಂಡು ಮುಳುಗಿದ ಕೂಡಲೇ ಎಳೆಯಬೇಕು. ಅಂಗೈ ಅಗಲದ ಮೀನು ಸಿಕ್ಕರೆ ಅಂದು ಮನೆಯಲ್ಲಿ ಹಬ್ಬ. ಮಳೆಗಾಲದ ಆರಂಭದಲ್ಲಿ ಮೊಟ್ಟೆಯಿಡಲು ಹೊಳೆಯಿಂದ ಗದ್ದೆಗೆ ಏರಿ ಬರುವ 'ಹತ್ತು ಮೀನು' ಹಿಡಿಯುವುದು ಮಾತ್ರ ದೊಡ್ಡವರ ಕೆಲಸ.

ಹೊಳೆಮೀನಿಗೆ ಕೆಸರಿನ ವಾಸನೆ ಇರುತ್ತದೆ. ಅದಕ್ಕಾಗಿ ಉಮ್ಮ ಒಲೆಯ ಬೂದಿ ಹಚ್ಚಿ, ಕಲ್ಲಿಗೆ ಉಜ್ಜಿ, ಉಪ್ಪು ಹಾಕಿ ಮೂರು ನೀರಿನಲ್ಲಿ ತೊಳೆಯುತ್ತಿದ್ದರು. ಚಿಕ್ಕವು ಕಾವಲಿಯಲ್ಲಿ ಗರಿಗರಿಯಾಗುತ್ತಿದ್ದವು. ದೊಡ್ಡವಕ್ಕೆ ವಾಟೆಹುಳಿ, ಕಾಳುಮೆಣಸಿನ ಸಾರು. ಮರುದಿನ ಬೆಳಗ್ಗೆ ಅಕ್ಕಿರೊಟ್ಟಿಯ ಜೊತೆ ಆ ಸಾರಿನ ರುಚಿ ಇನ್ನೂ ಹೆಚ್ಚು.

ಮದುವೆಯಾಗಿ ಕರಾವಳಿಗೆ ಬಂದೆ. ಹೊಳೆಮೀನಿನ ಮಾತೆತ್ತಿದರೆ ಇಲ್ಲಿನವರು, "ಅಯ್ಯೋ, ಆ ಕೆಸರು ಮೀನನ್ನು ಹೇಗೆ ತಿಂತೀರಿ?" ಎಂದು ನಗುತ್ತಿದ್ದರು. ತವರಿನವರಿಗೋ ಬೂತಾಯಿಯ ಎಣ್ಣೆ ವಾಸನೆ ಆಗದು. ತಮಾಷೆಗೆಂದೇ ಆಡಿದ ಮಾತು, ನಿಜ. ಆದರೆ ಹೊಸ ಮನೆಯಲ್ಲಿ ಕಾಲೂರುತ್ತಿದ್ದ ನನಗೆ, ಹಳಿದದ್ದು ಮೀನನ್ನಲ್ಲ, ನನ್ನ ಉಮ್ಮನ ಅಡುಗೆಮನೆಯನ್ನು ಎಂದೇ ಅನಿಸುತ್ತಿತ್ತು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಒಣಮೀನೇ ಗತಿ. ಅಂಥದೊಂದು ಮಳೆಗಾಲದಲ್ಲಿ ಅತ್ತೆ ತಾವಾಗಿಯೇ ಕೇಳಿದರು: "ನಿಮ್ಮೂರಲ್ಲಿ ಈಗ ಮೀನು ಸಿಗ್ತದಲ್ಲ, ಅದನ್ನು ಹೇಗೆ ಮಾಡುವುದು?" ಆ ವಾರ ತವರಿನಿಂದ ಮೀನು, ವಾಟೆಹುಳಿ ಎರಡೂ ಬಂದವು. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿ? ಉಪ್ಪು, ಹುಣಸೆಹುಳಿ ಹಾಕಿ ಉಜ್ಜಿ ತೊಳೆದೆ. ಅತ್ತೆ ಮೌನವಾಗಿ ಉಂಡು, "ಮುಳ್ಳು ಜಾಸ್ತಿ. ಆದ್ರೆ ಸಾರು ಲಾಯ್ಕ ಉಂಟು" ಎಂದರು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಹುಣಸೆಹುಳಿಯ ಭರಣಿಯ ಪಕ್ಕದಲ್ಲಿ ವಾಟೆಹುಳಿಯ ಡಬ್ಬಿಯೂ ಇದೆ.

ಯೋಚಿಸಿ ನೋಡಿ, ಪ್ರತಿ ಊರೂ ತನ್ನ ನೀರಿನ ಮೀನಿಗೆ ತಕ್ಕ ಹುಳಿ, ಖಾರ ಹುಡುಕಿಕೊಂಡಿದೆ. ಕೊಡಗಿನವರಿಗೆ ಕಾಚಂಪುಳಿ. ಕೇರಳದವರಿಗೆ ಹಿನ್ನೀರಿನ ಕರಿಮೀನು ಎಷ್ಟು ಪ್ರಿಯವೆಂದರೆ, 2010ರಲ್ಲಿ ಅದನ್ನು ರಾಜ್ಯ ಮೀನೆಂದೇ ಘೋಷಿಸಿದರು. ಬಂಗಾಳಿಗಳು ಕಡಲಿನಿಂದ ನದಿಗೆ ಏರಿ ಬರುವ ಇಲಿಶ್ ಮೀನನ್ನು ಸಾಸಿವೆ ಅರೆದು ಬೇಯಿಸುತ್ತಾರೆ. ಅದರ ರಾಶಿ ಮುಳ್ಳು ಅವರಿಗೆ ಲೆಕ್ಕಕ್ಕೇ ಇಲ್ಲ!

ಈಗ ನಮ್ಮೂರಿನ ಗದ್ದೆಗಳೆಲ್ಲ ಅಡಿಕೆ ತೋಟಗಳಾಗಿವೆ. ಹತ್ತು ಮೀನು ಕಾಣುವುದೇ ಅಪರೂಪ. ಉಳಿದಿರುವುದು ನಾಲಿಗೆಯ ನೆನಪು ಮಾತ್ರ. ನಿಮ್ಮ ಮನೆಗೂ ಬೇರೆ ಊರಿನ ಸೊಸೆ ಬಂದಿರಬಹುದು. ಅವಳು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದರೆ, "ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತಾರೆ?" ಎಂದು ಒಮ್ಮೆ ಕೇಳಿ ನೋಡಿ.