ಗೇಟಿನ ಹೊರಗೆ ನಿಂತ ಕಾರು

ಅಪ್ಪನ ಮಾರುತಿ 800 ಕಾರಿನ ಆರ್‌ಸಿ ಅವಧಿ ಮತ್ತೆ ಮುಗೀತಾ ಬಂದಿತ್ತು. ‘ಸ್ಕ್ರ್ಯಾಪ್‌ಗೆ ಹಾಕಿಬಿಡಿ ಅಪ್ಪಾ, ನಾನೇ ಹೊಸದು ಕೊಡಿಸ್ತೀನಿ’ ಅಂದೆ.

‘ಯಾಕೋ, ಅದೇನ್ ತಪ್ಪು ಮಾಡಿದೆ?’ ಅಂದ್ರು. ಉತ್ತರ ಹೊಳೀಲಿಲ್ಲ.

ಆ ರಾತ್ರಿ ಕೂತು ಸಣ್ಣ ಕಾರುಗಳ ಕಥೆ ಓದಿದೆ. 1930ರ ದಶಕದಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಪಿಯೆರ್ ಬೂಲಾಂಜೆ ತನ್ನ ಎಂಜಿನಿಯರುಗಳಿಗೆ ಕೇಳಿದ್ದು ಇಂಥ ಕಾರು: ಇಬ್ಬರು ರೈತರು, 50 ಕೆ.ಜಿ. ಆಲೂಗಡ್ಡೆ, ಗಂಟೆಗೆ 60 ಕಿ.ಮೀ. ವೇಗ. ಉತ್ತ ಹೊಲದಲ್ಲಿ ಹೋದರೂ ಬುಟ್ಟಿಯ ಮೊಟ್ಟೆ ಒಡೀಬಾರದು. ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟ್ ನನ್ನ ಏಳು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಒಮ್ಮೆಯೂ ಸಿಕ್ಕಿಲ್ಲ! ಯುದ್ಧ ಮುಗಿದ ಮೇಲೆ 1948ರಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಕಾಣಿಸಿಕೊಂಡ ಆ 2ಸಿವಿ, 1990ರವರೆಗೂ ತಯಾರಾಯ್ತು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಪೆಟ್ರೋಲ್ ಅಭಾವ ಆಯ್ತು. ಅಲೆಕ್ ಇಸಿಗೊನಿಸ್ ಎಂಜಿನ್ನನ್ನು ಅಡ್ಡಡ್ಡ ಕೂರಿಸಿ, ಪುಟ್ಟ ಕಾರಿನಲ್ಲೇ ನಾಲ್ಕು ಜನಕ್ಕೆ ಜಾಗ ಮಾಡಿದ್ರು. ಅದೇ 1959ರ ಮಿನಿ.

ನಮ್ಮಲ್ಲಿ ಆ ಕೆಲಸ ಮಾಡಿದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. 2014ರಲ್ಲಿ ತಯಾರಿಕೆ ನಿಲ್ಲೋ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಕಾರು ರಸ್ತೆಗಿಳಿದಿದ್ವು. ಅಪ್ಪ ಕೊಂಡಿದ್ದು 1999ರಲ್ಲಿ. ಅಲ್ಲೀವರೆಗೆ ನಾಲ್ಕೂ ಜನ ಒಂದೇ ಸ್ಕೂಟರ್ ಮೇಲೆ. ನಾನು ಮುಂದೆ ನಿಂತ್ಕೊಂಡು, ತಂಗಿ ಅಮ್ಮನ ಮಡಿಲಲ್ಲಿ.

ಇಂಥದ್ದೇ ಸಂಸಾರ ನೋಡಿ ರತನ್ ಟಾಟಾ ಅವರಿಗೆ ನ್ಯಾನೋ ಯೋಚನೆ ಬಂತಂತೆ. 2008ರಲ್ಲಿ ‘ಒಂದು ಲಕ್ಷದ ಕಾರು’ ಅಂತ ದೇಶವೇ ಬೆರಗಾಯ್ತು. ಆದ್ರೆ ‘ಅತಿ ಅಗ್ಗದ ಕಾರು’ ಅನ್ನೋ ಹಣೆಪಟ್ಟಿಯೇ ಅದಕ್ಕೆ ಮುಳುವಾಯ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡ್ರು.

ಓದ್ತಾ ಅಲ್ಲಿಗೇ ನಿಂತೆ. ಆ ಹಣೆಪಟ್ಟಿಯನ್ನ ನಾನೂ ಅಂಟಿಸಿದ್ದೆ. 2013ರಲ್ಲಿ ಕಾಲೇಜಿಗೆ ಸೇರಿಸೋಕೆ ಬಂದ ಅಪ್ಪನಿಗೆ ‘ಗೇಟಿನ ಹೊರಗೇ ನಿಲ್ಸಿ, ಒಳಗೆ ಪಾರ್ಕಿಂಗ್ ಇಲ್ಲ’ ಅಂದಿದ್ದೆ. ಅಪ್ಪ ಹಾಸಿಗೆ, ಸೂಟ್‌ಕೇಸು ಹೊತ್ಕೊಂಡು ಹಾಸ್ಟೆಲ್‌ವರೆಗೂ ನಡೆದ್ರು. ಒಳಗೆ ಸಾಲಾಗಿ ನಿಂತಿದ್ದ ಕಾರುಗಳನ್ನ, ಪಕ್ಕದ ಖಾಲಿ ಜಾಗವನ್ನ ಅವರೂ ನೋಡಿದ್ರು. ಏನೂ ಕೇಳಲಿಲ್ಲ.

ಬೆಳಗ್ಗೆ ಫೋನ್ ಮಾಡಿದೆ. ‘ಸೋಮವಾರ ರಜಾ ಹಾಕಿ ಬರ್ತೀನಪ್ಪಾ. ಎಫ್‌ಸಿಗೆ ನಾನೇ ಓಡಿಸ್ಕೊಂಡು ಹೋಗ್ತೀನಿ.’

‘ಬಾ. ಬೆಳಗ್ಗೆ ಚೋಕ್ ಎಳೀಬೇಕು, ಮರೀಬೇಡ’ ಅಂದ್ರು.

ಗೇಟಿನ ವಿಷಯ ಇನ್ನೂ ಹೇಳಿಲ್ಲ. ಸೋಮವಾರ ಪಕ್ಕದ ಸೀಟಲ್ಲಿ ಅವರು ಕೂತಾಗ ಹೇಳ್ಬೇಕು.