ಬಣ್ಣದ ಚಿತ್ರಕ್ಕೆ ಬಿಸಿ ತಾಗಲ್ಲ

ಸಿಮ್ಯುಲೇಷನ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಪಿಪಿಟಿಗೆ ಹಾಕೋ ಬಣ್ಣದ ಚಿತ್ರ. ಸ್ಟೇಟರ್ ಹಲ್ಲುಗಳು ಗುಲಾಬಿ, ಮಿಕ್ಕಿದ್ದು ತಿಳಿನೀಲಿ, ಎಕ್ಸ್‌ಟರ್ನಲ್ ತಲೆಯಾಡಿಸಿದರೆ ಮುಗೀತು. ಆದರೆ ಅದೇ ಚಿತ್ರ ನಂಬಿಕೊಂಡು ನಾಲ್ಕು ಜನ ಜೇಬಿನ ದುಡ್ಡು ಹಾಕಿ ಮ್ಯಾಗ್ನೆಟ್ ತರಿಸಬೇಕು ಅಂದಾಗ ನೋಡೋ ಕಣ್ಣೇ ಬೇರೆ ಆಗುತ್ತೆ.

ನಮ್ಮದು 12 ಸ್ಲಾಟ್, 10 ಪೋಲ್‌ನ ಬಿಎಲ್‌ಡಿಸಿ ಮೋಟರ್. ಬಳಸಿದ್ದು ಡೇವಿಡ್ ಮೀಕರ್ ಬರೆದ ಎಫ್‌ಇಎಂಎಂ. ಫ್ರೀ ಸಾಫ್ಟ್‌ವೇರ್, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಮೋಟರಿನ ಅಡ್ಡ ಸೀಳನ್ನು ಸಾವಿರಾರು ಪುಟ್ಟ ತ್ರಿಕೋನಗಳಾಗಿ ಒಡೆದು ಕಾಂತಕ್ಷೇತ್ರ ಲೆಕ್ಕ ಹಾಕುತ್ತೆ. ಎರಡೇ ಆಯಾಮ, ಹಾಗಾಗಿ ಹೊರಗೆ ಚಾಚಿಕೊಂಡಿರೋ ವೈಂಡಿಂಗ್ ತುದಿಗಳು ಅದರ ಲೆಕ್ಕದಲ್ಲೇ ಇರಲ್ಲ.

ಮೊದಲು ನೋಡಿದ್ದು ಕಾಗಿಂಗ್ ಟಾರ್ಕ್, ಅಂದರೆ ಕರೆಂಟ್ ಇಲ್ಲದೆ ಶಾಫ್ಟ್ ತಿರುಗಿಸಿದಾಗ ಕೈಗೆ ಸಿಗೋ ಟಕ್ ಟಕ್ ತಡೆ. 12 ಮತ್ತು 10ರ ಲಸಾಅ 60. ಒಂದು ಸುತ್ತಿಗೆ 60 ಅಲೆ, 6 ಡಿಗ್ರಿಗೊಂದು ಬರಬೇಕು. ಇದಕ್ಕೆ ಕಂಪ್ಯೂಟರೇ ಬೇಡ, ನೋಟ್‌ಬುಕ್ ಸಾಕು. ಬೇಕಂತಲೇ 0.5 ಮಿ.ಮೀ. ಏರ್‌ಗ್ಯಾಪ್‌ನಲ್ಲಿ ಒಂದೇ ಪದರ ತ್ರಿಕೋನ ಇಟ್ಟು ಓಡಿಸಿದ್ವಿ. ಗ್ರಾಫು ಮುಳ್ಳುಹಂದಿ ಥರ ಬಂತು. ಮೂರು ಪದರ ಮಾಡಿದ ಮೇಲೆ 6 ಡಿಗ್ರಿಯ ಅಲೆ ಮೆಲ್ಲಗೆ ತಲೆ ಎತ್ತಿತು. ಈ ಜೋಡಿಯ ಕಾಗಿಂಗ್ ಮೊದಲೇ ಸಣ್ಣದು, ಒರಟು ಮೆಷ್‌ನ ಗದ್ದಲ ಅದನ್ನ ನುಂಗಿಬಿಡುತ್ತೆ. ನೋಟ್‌ಬುಕ್ಕಿನ 60 ಇಲ್ಲದಿದ್ದರೆ ಯಾವ ಗ್ರಾಫ್ ನಂಬಬೇಕು?

ನಿಜವಾದ ಜಗಳ ಆಗಿದ್ದು ಮ್ಯಾಗ್ನೆಟ್ ಗ್ರೇಡ್ ಮೇಲೆ. ಸಾದಾ ಎನ್42 ಅಗ್ಗ, ಆದರೆ ಅದರ ಮಿತಿ ಸುಮಾರು 80 ಡಿಗ್ರಿ ಸೆಲ್ಸಿಯಸ್. ಎಸ್‌ಹೆಚ್ ಗ್ರೇಡ್ 150ರ ತನಕ ತಾಳುತ್ತೆ, ರೇಟೂ ಜಾಸ್ತಿ. 'ಸಿಮ್ಯುಲೇಷನ್‌ನಲ್ಲಿ ಎರಡೂ ಒಂದೇ ಟಾರ್ಕ್ ಕೊಡ್ತಿವೆಯಲ್ಲ' ಅಂದ ಒಬ್ಬ. ಕೊಡುತ್ತೆ, ಯಾಕಂದ್ರೆ ನಾವು ಕೊಟ್ಟಿದ್ದು 20 ಡಿಗ್ರಿಯ ಗುಣಗಳು. ನಿಯೋಡಿಮಿಯಂ ಒಂದು ಡಿಗ್ರಿಗೆ ಸುಮಾರು 0.12% ಬಲ ಕಳ್ಕೊಳುತ್ತೆ. 100 ಡಿಗ್ರಿಯಲ್ಲಿ ಹತ್ತತ್ರ 10% ಟಾರ್ಕ್ ಹೋಯ್ತು. ತಾಮ್ರದ ರೆಸಿಸ್ಟೆನ್ಸ್ ಅಷ್ಟರಲ್ಲಿ 30% ಏರಿರುತ್ತೆ. ಕಳೆದ ಟಾರ್ಕ್ ತುಂಬಿಸೋಕೆ ಕರೆಂಟ್ ಏರಿಸಿದ್ರೆ ಇನ್ನೂ ಬಿಸಿ. ಬಿಸಿ ಮತ್ತು ಕರೆಂಟ್ ಒಟ್ಟಿಗೆ ಸೇರಿದರೆ ಸಾದಾ ಗ್ರೇಡಿನ ಮೂಲೆಗಳು ಶಾಶ್ವತವಾಗಿ ಸೋತುಹೋಗಬಹುದು, ತಣ್ಣಗಾದ ಮೇಲೂ ವಾಪಸ್ ಬರಲ್ಲ. ಮ್ಯಾಗ್ನೆಟ್‌ಗೆ ನೇರ ಗೆರೆಯ ಬಿಎಚ್ ಕೊಟ್ಟಿದ್ದರೆ ಸಾಫ್ಟ್‌ವೇರ್‌ಗೆ ಈ ಸೋಲು ಕಾಣೋದೇ ಇಲ್ಲ, ಚಿತ್ರ ಅಷ್ಟೇ ಚಂದ ಇರುತ್ತೆ.

ಡೇಟಾಶೀಟ್‌ನಿಂದ 100 ಡಿಗ್ರಿಯ ಗೆರೆ ತೆಗೆದು ಮತ್ತೆ ಓಡಿಸಿ ತೋರಿಸಿದ ಮೇಲೆ ಅವನೂ ಸುಮ್ಮನಾದ. ಆರ್ಡರ್ ಹೋಗಿದ್ದು ಎಸ್‌ಹೆಚ್‌ಗೆ, 10 ತುಂಡು. ದುಡ್ಡು ಸಾಲದ್ದಕ್ಕೆ ಬೇರಿಂಗ್ ಮಾತ್ರ ಸೀನಿಯರ್‌ಗಳ ಹಳೇ ಮೋಟರ್‌ದು.